ದೋಸೆಗೆ ಬಿದ್ದ ಸ್ಟಾರು, ರೂಮಿಗೆ ಬಂದ ಹೆಸರು

ಪುಣೆಯಲ್ಲಿರುವ ಕನ್ನಡ ಕುಟುಂಬವೊಂದು ಮಳೆಗಾಲ ಮುಗಿಯುವ ಹೊತ್ತಿಗೆ ಶೃಂಗೇರಿ, ಹೊರನಾಡು ನೋಡಿಕೊಂಡು ಬರಲು ಹೊರಟಿತು. ಗಂಡ, ಹೆಂಡತಿ, ಎಂಟು ವರ್ಷದ ಮಗಳು, ಗಂಡನ ತಾಯಿ. ತಾಯಿಗೆ ಎಪ್ಪತ್ತನಾಲ್ಕು, ಎರಡೂ ಮಂಡಿ ಸವೆದಿವೆ. ಮಗ ಮೂರು ಸಂಜೆ ಫೋನ್ ಹಿಡಿದು ಕೂತು ಉಳಿಯುವ ಜಾಗ ಹುಡುಕಿದ. ದಾರಿಯಲ್ಲಿ ಸಿಗುವ ಪೇಟೆಯೊಂದರಲ್ಲಿ ಒಂದು ಲಾಡ್ಜ್ ಕಣ್ಣಿಗೆ ಬಿತ್ತು: 4.3 ರೇಟಿಂಗ್, ಕೊಟ್ಟವರು ಆರು ಸಾವಿರಕ್ಕೂ ಹೆಚ್ಚು. ಅದರ ಪಕ್ಕದ್ದಕ್ಕೆ 3.8, ಅದೂ ನೂರು ಚಿಲ್ಲರೆ ಜನರದ್ದು. ಹೆಂಡತಿ ‘ಫೋನ್ ಮಾಡಿ ಒಂದು ಸಲ ಕೇಳಿಬಿಡಿ’ ಅಂದಳು. ‘ಆರು ಸಾವಿರ ಜನ ಸುಳ್ಳು ಹೇಳ್ತಾರಾ?’ ಅಂದ ಅವನು. ಮಾತು ಅಲ್ಲಿಗೆ ಮುಗಿಯಿತು.

ಬೆಳಗಾವಿ, ಹುಬ್ಬಳ್ಳಿ, ಶಿವಮೊಗ್ಗ ದಾಟಿ ರಾತ್ರಿ ಒಂಬತ್ತೂವರೆಗೆ ಅಲ್ಲಿಗೆ ತಲುಪಿದರೆ ರೂಮು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಬಾತ್‌ರೂಮಿನಲ್ಲಿ ಇಂಡಿಯನ್ ಟಾಯ್ಲೆಟ್ ಮಾತ್ರ. ಬಿಸಿನೀರು ಬೆಳಗ್ಗೆ ಆರರಿಂದ ಎಂಟೂವರೆ ತನಕ. ರೂಮ್‌ಬಾಯ್ ಮತ್ತು ಮಗ ಸೇರಿ ಕೈಗೆ ಕೈ ಹೆಣೆದು ಅದರ ಮೇಲೆ ಅಜ್ಜಿಯನ್ನು ಕೂರಿಸಿಕೊಂಡು ಮೇಲೆ ಹತ್ತಿಸಿದರು. ಎಲ್ಲರೂ ಮಲಗಿದ ಮೇಲೆ ಅವನು ಅದೇ ಫೋನಿನಲ್ಲಿ ಆ ರಿವ್ಯೂಗಳನ್ನು ಮೊದಲ ಸಲ ಓದಿದ. ಅಂಕ ನೋಡಿದ್ದನೇ ಹೊರತು ಅಕ್ಷರ ಓದಿರಲಿಲ್ಲ. ನೀರ್‌ದೋಸೆ ಚೆನ್ನಾಗಿತ್ತು. ಬನ್ಸ್ ಬಿಸಿಬಿಸಿ. ಕಾಫಿ ಸೂಪರ್. ದಾರಿಯಲ್ಲಿ ತಿಂಡಿಗೆ ನಿಲ್ಲಿಸಲೇಬೇಕಾದ ಜಾಗ. ಪುಟ ಸರಿಸುತ್ತ ಹೋದಷ್ಟೂ ಅದೇ. ರೂಮಿನ ಮಾತು ಎತ್ತಿದವರು ಬೆರಳೆಣಿಕೆಯಷ್ಟು, ಅವರಲ್ಲಿ ಒಬ್ಬರು ಮೆಟ್ಟಿಲಿನ ಬಗ್ಗೆ ಸ್ಪಷ್ಟವಾಗಿಯೇ ಬರೆದಿದ್ದರು. ಆರು ಸಾವಿರ ಜನ ಸ್ಟಾರ್ ಕೊಟ್ಟದ್ದು ಕೆಳಗಿನ ಹೋಟೆಲ್ಲಿಗೆ.

ಕನ್ನಡದಲ್ಲಿ ಹೋಟೆಲ್ ಅಂದರೆ ತಿನ್ನುವ ಜಾಗ. ಮಲಗುವುದಕ್ಕೆ ಲಾಡ್ಜ್. ‘ಹೋಟೆಲಿಗೆ ಹೋಗಿದ್ವಿ’ ಎಂದವನನ್ನು ‘ಎಷ್ಟು ದಿನ ಇದ್ರಿ?’ ಎಂದು ಯಾರೂ ಕೇಳುವುದಿಲ್ಲ, ‘ಏನ್ ತಿಂದ್ರಿ?’ ಎಂದು ಕೇಳುತ್ತಾರೆ. ಈ ಭೇದ ಫೋನಿನ ನಕ್ಷೆಗೆ ಗೊತ್ತಿಲ್ಲ. ಬೋರ್ಡಿಂಗ್ ಅಂಡ್ ಲಾಡ್ಜಿಂಗ್ ಎಂಬ ಹಳೆಯ ಬೋರ್ಡಿನಡಿ ಕೆಳಗೆ ದೋಸೆ, ಮೇಲೆ ಮಂಚ ಇರುವ ಕಟ್ಟಡ ಕರ್ನಾಟಕದ ಪ್ರತಿ ತಾಲೂಕು ಕೇಂದ್ರದಲ್ಲೂ ಸಿಗುತ್ತದೆ. ನಕ್ಷೆಯಲ್ಲಿ ಎರಡಕ್ಕೂ ಒಂದೇ ಹೆಸರು, ಒಂದೇ ಚುಕ್ಕಿ, ಒಂದೇ ಅಂಕ ಆಗಿಬಿಟ್ಟಿರುವುದು ಅಪರೂಪವೇನಲ್ಲ. ರೆಸಾರ್ಟುಗಳಲ್ಲಿ ಇದೇ ಕಥೆ ಬೇರೆ ರೂಪದಲ್ಲಿ ನಡೆಯುತ್ತದೆ: ಅಲ್ಲಿನ ಹಾಲಿನಲ್ಲಿ ಮದುವೆ ಉಂಡು ಹೋದವರ ಐದು ಸ್ಟಾರು ರೂಮುಗಳ ಲೆಕ್ಕಕ್ಕೆ ಸೇರಿರುತ್ತದೆ.

ಈ ಕಥೆಯಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ ಎಂಬುದೇ ಇಲ್ಲಿ ಮುಖ್ಯ. ದೋಸೆ ನಿಜಕ್ಕೂ ಚೆನ್ನಾಗಿತ್ತು, ಮರುದಿನ ಬೆಳಗ್ಗೆ ಅಜ್ಜಿಯೂ ಎರಡು ತಿಂದರು. ಆರು ಸಾವಿರ ಜನ ಸತ್ಯವನ್ನೇ ಹೇಳಿದರು, ಆದರೆ ಬೇರೆ ಪ್ರಶ್ನೆಗೆ.

ರಿವ್ಯೂಗಳ ನಂಬಿಕೆಯ ಮಾತು ಬಂದಾಗಲೆಲ್ಲ ಚರ್ಚೆ ತಕ್ಷಣ ‘ಫೇಕ್ ರಿವ್ಯೂ’ ಕಡೆಗೆ ತಿರುಗುತ್ತದೆ. ಸುಳ್ಳುಗಾರರು ಯಾರೋ ಇದ್ದಾರೆ, ಅವರನ್ನು ಹಿಡಿದುಬಿಟ್ಟರೆ ಉಳಿದದ್ದೆಲ್ಲ ಶುದ್ಧ ಎಂಬ ಭಾವನೆ. ಇದು ಆರಾಮದ ನಂಬಿಕೆ. ಸುಳ್ಳುಗಾರರು ಇಲ್ಲವೆಂದಲ್ಲ, ಧಾರಾಳವಾಗಿ ಇದ್ದಾರೆ. 2017ರಲ್ಲಿ ಊಬಾ ಬಟ್ಲರ್ ಎಂಬ ಇಂಗ್ಲಿಷ್ ಪತ್ರಕರ್ತ ದಕ್ಷಿಣ ಲಂಡನ್ನಿನ ಡಲಿಚ್‌ನಲ್ಲಿ ತಾನಿದ್ದ ತೋಟದ ಶೆಡ್ಡನ್ನೇ ರೆಸ್ಟೋರೆಂಟ್ ಎಂದು ಟ್ರಿಪ್‌ಅಡ್ವೈಸರ್‌ನಲ್ಲಿ ನೋಂದಾಯಿಸಿ, ಗೆಳೆಯರಿಂದ ರಿವ್ಯೂ ಬರೆಸಿ, ಕೆಲವೇ ತಿಂಗಳಲ್ಲಿ ಅದನ್ನು ಲಂಡನ್ನಿನ ಒಂದನೇ ನಂಬರ್ ಜಾಗ ಮಾಡಿ ತೋರಿಸಿದ. ಅಲ್ಲಿ ಅಡುಗೆಯೇ ಇರಲಿಲ್ಲ. ತಿನಿಸಿನ ಫೋಟೋಗಳಲ್ಲಿ ಶೇವಿಂಗ್ ನೊರೆಯೂ ಇತ್ತು, ಅವನದೇ ಕಾಲಿನ ಹಿಮ್ಮಡಿಯೂ ಇತ್ತು. ಅರ್ಥಶಾಸ್ತ್ರಜ್ಞರೂ ಈ ದಾರಿಯಲ್ಲಿ ಹೋಗಿ ನೋಡಿದ್ದಾರೆ. ಮೇಜ್ಲಿನ್, ಡೋವರ್, ಶೆವಲಿಯರ್ ಎಂಬ ಮೂವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ತಾಣಗಳನ್ನು ಹೋಲಿಸಿದರು: ದುಡ್ಡು ಕೊಟ್ಟು ಉಳಿದವರಷ್ಟೇ ಬರೆಯಬಹುದಾದ ಎಕ್ಸ್‌ಪೀಡಿಯಾ, ಯಾರು ಬೇಕಾದರೂ ಬರೆಯಬಹುದಾದ ಟ್ರಿಪ್‌ಅಡ್ವೈಸರ್. ಸಣ್ಣ ಮಾಲೀಕರ ಸ್ವತಂತ್ರ ಹೋಟೆಲುಗಳಿಗೆ ಎರಡನೆಯದರಲ್ಲಿ ಐದು ಸ್ಟಾರ್‌ಗಳ ಪಾಲು ಹೆಚ್ಚು. ಅಂಥ ಹೋಟೆಲಿನ ನೆರೆಯಲ್ಲಿದ್ದವರಿಗೆ ಒಂದು, ಎರಡು ಸ್ಟಾರ್‌ಗಳ ಪಾಲು ಹೆಚ್ಚು. ಪಕ್ಕದ ಅಂಗಡಿಯವನ ಮೇಲಿನ ಹೊಟ್ಟೆಕಿಚ್ಚು ಹೀಗೆ ಅಂಕಿಗಳಲ್ಲೂ ಸಿಕ್ಕಿಬೀಳುತ್ತದೆ.

ಭಾಷೆಯ ಮೇಲೆ ಕಣ್ಣಿಡುವವರಿಗೆ ಇನ್ನೂ ಸ್ವಾರಸ್ಯದ್ದೆಂದರೆ ಕಾರ್ನೆಲ್ ವಿಶ್ವವಿದ್ಯಾಲಯದವರ 2011ರ ಪ್ರಯೋಗ. ಶಿಕಾಗೋದ 20 ಹೋಟೆಲುಗಳ ಬಗ್ಗೆ 400 ನಿಜವಾದ ರಿವ್ಯೂ ಆರಿಸಿಕೊಂಡರು. ತಲಾ ಒಂದು ಡಾಲರ್ ಕೊಟ್ಟು, ಆ ಹೋಟೆಲುಗಳಲ್ಲಿ ಉಳಿಯದವರಿಂದ ಇನ್ನೂ 400 ಹೊಗಳಿಕೆ ಬರೆಸಿದರು. ಓದಿ ಬೇರ್ಪಡಿಸಿ ಎಂದು ಮನುಷ್ಯರಿಗೆ ಕೊಟ್ಟರೆ ಅವರ ತೀರ್ಪು ನಾಣ್ಯ ಚಿಮ್ಮಿದ್ದಕ್ಕಿಂತ ಹೆಚ್ಚೇನೂ ಉತ್ತಮವಿರಲಿಲ್ಲ. ಪದಗಳನ್ನು ಎಣಿಸುವ ಕಂಪ್ಯೂಟರ್ ಮಾತ್ರ ನೂರರಲ್ಲಿ ಸುಮಾರು ತೊಂಬತ್ತನ್ನು ಸರಿಯಾಗಿ ಗುರುತಿಸಿತು. ಉಳಿದು ಬಂದವರ ಬರಹದಲ್ಲಿ ಬಾತ್‌ರೂಮ್, ಮಹಡಿ, ಚಿಕ್ಕದು, ಇಂಥ ಕಡೆ ಎಂಬ ಜಾಗದ ಮಾತುಗಳು ಹೆಚ್ಚಿದ್ದವು. ಉಳಿಯದವರ ಬರಹದಲ್ಲಿ ನಾನು, ನನ್ನ ಗಂಡ, ರಜೆ, ವ್ಯವಹಾರದ ಪ್ರಯಾಣ ಎಂಬವು ಹೆಚ್ಚು. ಅದು ಸಹಜವೇ. ಕೋಣೆಯನ್ನು ನೋಡದವನಿಗೆ ಕೋಣೆಯ ಬಗ್ಗೆ ಹೇಳಲು ಏನಿರುತ್ತದೆ? ತಾನು ಯಾಕೆ ಹೋದೆ, ಯಾರ ಜೊತೆ ಹೋದೆ ಎಂದು ಕಥೆ ಕಟ್ಟುತ್ತಾನೆ.

ಆ ಗುಟ್ಟು ಈಗ ಹಳೆಯದಾಯಿತು. ಬಾತ್‌ರೂಮಿನ ಟೈಲ್ಸ್ ಬಣ್ಣ, ಬಾಲ್ಕನಿಯಿಂದ ಕಾಣುವ ಅಡಿಕೆ ತೋಟ ಎಲ್ಲ ಸೇರಿಸಿ, ಬೇಕಾದರೆ ಮಂಗಳೂರು ಕನ್ನಡದಲ್ಲೇ, ರಿವ್ಯೂ ಬರೆದುಕೊಡುವ ಯಂತ್ರಗಳು ಬಂದಿವೆ. ಆದರೂ ಸುಳ್ಳುಗಾರರ ಬೆನ್ನು ಹತ್ತುವ ಕೆಲಸ ತಾಣಗಳಿಗೂ ಸರ್ಕಾರಗಳಿಗೂ ಬಿಟ್ಟದ್ದು. ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಆನ್‌ಲೈನ್ ರಿವ್ಯೂಗಳಿಗೆಂದೇ ಐಎಸ್ 19000 ಎಂಬ ಮಾನದಂಡ ಪ್ರಕಟಿಸಿತು. ಕೊಂಡ ರಿವ್ಯೂ ಹಾಕಬಾರದು, ಬರೆದವರು ಯಾರೆಂದು ಪರಿಶೀಲಿಸಬೇಕು ಎಂದೆಲ್ಲ ಅದರಲ್ಲಿದೆ. ಪಾಲಿಸುವುದು ಮಾತ್ರ ಅವರವರ ಇಷ್ಟಕ್ಕೆ ಬಿಟ್ಟದ್ದು ಎಂದು ಶುರುವಾಯಿತು. ಅಮೆರಿಕದಲ್ಲಿ 2024ರ ಅಕ್ಟೋಬರಿನಿಂದ ಸುಳ್ಳು ರಿವ್ಯೂ ಕೊಳ್ಳುವುದಕ್ಕೂ ಮಾರುವುದಕ್ಕೂ ದಂಡ ವಿಧಿಸಬಹುದು. ಒಳ್ಳೆಯದೇ. ಇವೆಲ್ಲ ಕಟ್ಟುನಿಟ್ಟಾಗಿ ಜಾರಿಯಾದರೂ ಆ ಲಾಡ್ಜಿನ 4.3 ಒಂದು ಚೂರೂ ಕದಲುತ್ತಿರಲಿಲ್ಲ.

ಅಂಕವನ್ನು ನಿಜವಾಗಿ ಹಾಳು ಮಾಡುವವರು ಪ್ರಾಮಾಣಿಕರು. ಹೇಗೆಂದು ನೋಡಲು ಯಾವುದೇ ಲಾಡ್ಜಿನ ಕೌಂಟರಿನ ಬಳಿ ಹನ್ನೊಂದು ಗಂಟೆಗೆ ನಿಂತರೆ ಸಾಕು. ಮೇಜಿನ ಮೇಲೆ ಕ್ಯೂಆರ್ ಕೋಡಿನ ಪುಟ್ಟ ಹಲಗೆ ಇರುತ್ತದೆ. ಸೂಟ್‌ಕೇಸ್ ಕೆಳಗೆ ತಂದಿಟ್ಟ ಹುಡುಗ ಪಕ್ಕದಲ್ಲೇ ನಿಂತು ‘ಸಾರ್, ಒಂದು ಫೈವ್ ಸ್ಟಾರ್ ಹಾಕ್ಬಿಡಿ ಸಾರ್, ಹಂಗೇ ನನ್ನ ಹೆಸರೂ ಬರೀರಿ’ ಅನ್ನುತ್ತಾನೆ. ಹೆಸರು ಯಾಕೆಂದರೆ ಅನೇಕ ಕಡೆ ರಿವ್ಯೂನಲ್ಲಿ ಯಾರ ಹೆಸರು ಎಷ್ಟು ಸಲ ಬಂತು ಎಂಬುದನ್ನು ಮ್ಯಾನೇಜರ್ ಲೆಕ್ಕ ಇಡುತ್ತಾನೆ. ಆ ಹುಡುಗ ರಾತ್ರಿ ಹನ್ನೆರಡಕ್ಕೆ ಹೆಚ್ಚುವರಿ ಕಂಬಳಿ ತಂದುಕೊಟ್ಟವನು. ಅವನ ಮುಖ ನೋಡಿಕೊಂಡು ‘ಶವರ್‌ನಲ್ಲಿ ನೀರು ಬರಲ್ಲ, ದಿಂಬಿನಲ್ಲಿ ಮುಗ್ಗಲು ವಾಸನೆ, ಮೂರು ಸ್ಟಾರ್’ ಎಂದು ಒತ್ತುವ ಎದೆ ಯಾರಿಗಿದೆ? ಇದಕ್ಕೆ ಕನ್ನಡದಲ್ಲಿ ದಾಕ್ಷಿಣ್ಯ ಎನ್ನುತ್ತಾರೆ. ಮನುಷ್ಯ ಸಂಬಂಧದಲ್ಲಿ ಅದು ದೊಡ್ಡ ಗುಣ, ಸಾಕ್ಷಿ ಹೇಳುವಾಗ ದೊಡ್ಡ ದೋಷ. ಹೊಗಳಿಕೆ ಹುಡುಗನಿಗೆ ಸಲ್ಲಬೇಕಾದದ್ದು. ಅಂಕ ಹೋಗಿ ಸೇರುವುದು ಶವರ್ ರಿಪೇರಿ ಮಾಡಿಸದ ಮಾಲೀಕನಿಗೆ.

ಮನೆಯಲ್ಲೇ ಉಳಿಸಿಕೊಳ್ಳುವ ಕಡೆ ಈ ದಾಕ್ಷಿಣ್ಯ ಇನ್ನೂ ಬಿಗಿ. ಬೋಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಲೆಕ್ಕ ಹಾಕಿದಾಗ ಏರ್‌ಬಿಎನ್‌ಬಿಯ ಸುಮಾರು 95 ಶೇಕಡಾ ಮನೆಗಳ ಸರಾಸರಿ ನಾಲ್ಕೂವರೆ ಅಥವಾ ಐದು ಸ್ಟಾರ್ ಆಗಿತ್ತು. ಅದೇ ಹೊತ್ತಿಗೆ ಟ್ರಿಪ್‌ಅಡ್ವೈಸರ್‌ನ ಹೋಟೆಲುಗಳ ಸರಾಸರಿ 3.8. ಏರ್‌ಬಿಎನ್‌ಬಿಯ ಮನೆಗಳೆಲ್ಲ ಸ್ವರ್ಗವಾಗಿದ್ದವೆಂದಲ್ಲ. ಅಲ್ಲಿ ಆತಿಥೇಯನೂ ಅತಿಥಿಯ ಬಗ್ಗೆ ಬರೆಯುತ್ತಾನೆ, ಜೊತೆಗೆ ಅವನ ಕೈಯಡುಗೆ ಉಂಡು ಬಂದ ಋಣ ಬೇರೆ. ‘ಸೂಪರ್‌ಹೋಸ್ಟ್’ ಪಟ್ಟ ಉಳಿಯಬೇಕಾದರೆ ಸರಾಸರಿ 4.8ಕ್ಕಿಂತ ಕೆಳಗಿಳಿಯುವಂತಿಲ್ಲ. ನೂರಕ್ಕೆ ಎಂಬತ್ತು ಬಂದರೆ ಡಿಸ್ಟಿಂಕ್ಷನ್ ಎಂದು ಬೆಳೆದವನು ‘ಚೆನ್ನಾಗಿತ್ತು’ ಎಂಬರ್ಥದಲ್ಲಿ ನಾಲ್ಕು ಸ್ಟಾರ್ ಕೊಟ್ಟರೆ ಅದು ಆ ಮನೆಯವರನ್ನು ಕೆಳಗೆಳೆಯುವ ಅಂಕ. ಇನ್ನು ಬುಕಿಂಗ್ ಡಾಟ್ ಕಾಮ್ 2019ರವರೆಗೆ ಬಳಸಿದ ಅಳತೆಯಲ್ಲಿ ಎಷ್ಟೇ ಬೈದರೂ ಅಂಕ ಎರಡೂವರೆಗಿಂತ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಹತ್ತಕ್ಕೆ ಏಳು ಎಂದು ನೋಡಿದವನು ಅದನ್ನು ಸೊನ್ನೆಯಿಂದ ಎಣಿಸಿಕೊಂಡು ಸಮಾಧಾನಪಡುತ್ತಿದ್ದ. ಹೀಗೆ ಒಂದೊಂದು ತಾಣಕ್ಕೂ ಒಂದೊಂದು ಸೇರು, ಒಂದೊಂದು ಪಾವು. ಓದುವವನು ಮಾತ್ರ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುತ್ತಾನೆ.

ಕನ್ನಡದವರ ಮಟ್ಟಿಗೆ ಇಲ್ಲಿ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ಮೆಚ್ಚುಗೆ ಸ್ಟಾರಿನ ಹಾಗೆ ಮೇಲಕ್ಕೇ ಏರುವುದಿಲ್ಲ. ‘ಪರವಾಗಿಲ್ಲ’ ಎಂಬ ಒಂದು ಪದವನ್ನೇ ನೋಡಬಹುದು. ಹೊಸ ಸೊಸೆಯ ಸಾರನ್ನು ಅತ್ತೆ ‘ಪರವಾಗಿಲ್ಲ’ ಅಂದರೆ ಅದು ಹೊಗಳಿಕೆ, ನೆಂಟರ ಮನೆಯ ಮದುವೆ ಊಟಕ್ಕೆ ‘ಪರವಾಗಿಲ್ಲ’ ಅಂದರೆ ಕೊಂಕು, ಕಾಲು ತುಳಿದವನಿಗೆ ಹೇಳಿದರೆ ಕ್ಷಮೆ. ಶಿರಸಿಯವರ ‘ಅಡ್ಡಿಲ್ಲೆ’, ಧಾರವಾಡದವರ ‘ಅಡ್ಡಿ ಇಲ್ಲ’, ಎರಡೂ ಹೀಗೇ: ಕೇಳುವುದಕ್ಕೆ ಅಷ್ಟಕ್ಕಷ್ಟೇ, ಅರ್ಥದಲ್ಲಿ ‘ಚೆನ್ನಾಗಿಯೇ ಇದೆ’. ಮಂಗಳೂರಿನ ಕಡೆಯವರು ‘ಲಾಯ್ಕುಂಟು’ ಎಂದು ಬಾಯ್ತುಂಬ ಹೇಳಿಯಾರು, ಹಳೆಯ ಮೈಸೂರಿನ ಹಿರಿಯರಿಗೆ ‘ಇದೆ’ ಎನ್ನುವುದೇ ಹೆಚ್ಚು. ಇಂಥ ಓದುಗರಲ್ಲೊಬ್ಬರು ಮೂರು ಸ್ಟಾರ್ ಒತ್ತಿ ‘ಪರವಾಗಿಲ್ಲ’ ಎಂದು ಬರೆದರೆ ಅದು ಮೆಚ್ಚುಗೆಯೋ ದೂರೋ ಎಂದು ಯಂತ್ರ ಹೇಗೆ ತಿಳಿಯಬೇಕು? ಅದು ಅನುವಾದಿಸಿ ‘ಓಕೆ’ ಎಂದು ದಿಲ್ಲಿಯ ಓದುಗನಿಗೆ ತೋರಿಸುತ್ತದೆ. ಸ್ಟಾರ್ ಅಂತೂ ಸರಾಸರಿಯನ್ನು ಕೆಳಗೆ ತಂದಾಗಿದೆ.

ಇದರ ಪೆಟ್ಟು ಬೀಳುವುದು ಸಣ್ಣವರ ಮೇಲೆ. ಮಹಾನಗರದ ದೊಡ್ಡ ಹೋಟೆಲಿನಲ್ಲಿ ಒಂದು ಸ್ಟಾರಿನ ಬೈಗುಳ ಸಾವಿರದಲ್ಲಿ ಕರಗಿಹೋಗುತ್ತದೆ. ಸಕಲೇಶಪುರದ ಆಚೆ ಕಾಫಿ ತೋಟದೊಳಗೆ ಮೂರು ಕೋಣೆ ಕಟ್ಟಿಕೊಂಡ ಮನೆಯವರಿಗೆ ಒಟ್ಟು ರಿವ್ಯೂಗಳೇ ನಲವತ್ತು. ಅಲ್ಲಿ ‘ಸ್ಟಾಫ್‌ಗೆ ಹಿಂದಿ ಬರಲ್ಲ’ ಎಂಬ ಕಾರಣಕ್ಕೆ ಬಿದ್ದ ಒಂದು ಸ್ಟಾರು ಒಂದು ವರ್ಷ ಕಾಡುತ್ತದೆ. ಇಂಥ ರಿವ್ಯೂ ಕಂಡಾಗ ಕನ್ನಡದವರಿಗೆ ಸಿಟ್ಟು ಬರುವುದು ನ್ಯಾಯವೇ. ಆದರೆ ದಿಲ್ಲಿಯ ಕನ್ನಡಿಗರು ಕುಮಾವೂಂ ಬೆಟ್ಟದ ಹೋಮ್‌ಸ್ಟೇಗೆ ಹೋಗಿ ‘ಅನ್ನ ಕಡಿಮೆ, ಬರೀ ರೊಟ್ಟಿ, ಸಾಂಬಾರ್ ಕೇಳಿದರೆ ಕಣ್ಣು ಕಣ್ಣು ಬಿಡ್ತಾರೆ’ ಎಂದು ಎರಡು ಸ್ಟಾರ್ ಒಗೆದು ಬರುವುದೂ ಅದೇ ಜಾತಿಯ ಕೆಲಸ. ಮಳೆಗಾಲದಲ್ಲಿ ಆಗುಂಬೆಗೆ ಹೋಗಿ ಇಂಬಳ ಕಚ್ಚಿತೆಂದು, ಕರೆಂಟ್ ಹೋಯಿತೆಂದು, ಬಟ್ಟೆ ಒಣಗಲಿಲ್ಲವೆಂದು ಅಂಕ ಕಳೆಯುವವರಿಗೆ ಏನು ಹೇಳಬೇಕೋ ತಿಳಿಯದು. ಜುಲೈ ತಿಂಗಳಿನ ಆಗುಂಬೆಯಲ್ಲಿ ಬಟ್ಟೆ ಒಣಗಿದರೆ ಅದು ಸುದ್ದಿ.

‘ಹಾಗಾದರೆ ಯಾವುದನ್ನೂ ನಂಬಬಾರದೆ? ಮೊದಲಿನ ಹಾಗೆ ಗೊತ್ತಿದ್ದವರನ್ನು ಕೇಳಿಕೊಂಡೇ ಹೋಗಬೇಕೆ?’ ಎಂಬ ಪ್ರಶ್ನೆ ಏಳುತ್ತದೆ. ಹಳೆಯ ಕಾಲವನ್ನು ನೆನೆದು ಕಣ್ಣೊದ್ದೆ ಮಾಡಿಕೊಳ್ಳುವವರ ಮಾತಿಗೂ ಇಲ್ಲಿ ತಡೆ ಹಾಕಬೇಕು. ‘ಅಲ್ಲಿ ನಮ್ಮವರ ಛತ್ರ ಇದೆ, ನನ್ನ ಹೆಸರು ಹೇಳು’ ಎಂಬ ಏರ್ಪಾಟು ‘ನಮ್ಮವರು’ ಇದ್ದವರಿಗೆ ಸುಖವಾಗಿತ್ತು. ಆ ಹೆಸರು ಕೇಳಿದ ಕೂಡಲೇ ಬಾಗಿಲು ಮುಚ್ಚಿಕೊಳ್ಳುತ್ತಿದ್ದ ಜನರೂ ಇದ್ದರು, ಇನ್ನೂ ಇದ್ದಾರೆ. ಊರಿಂದೂರಿಗೆ ಭಾವನ ಭಾವನೋ ಚಿಕ್ಕಪ್ಪನ ಗೆಳೆಯನೋ ಇಲ್ಲದವರು, ಒಬ್ಬಳೇ ಪ್ರಯಾಣ ಮಾಡುವ ಹೆಂಗಸು, ಹೆಸರಿನಲ್ಲೇ ಧರ್ಮ ಕಾಣಿಸುವವರು, ಇವರಿಗೆಲ್ಲ ಪರಿಚಯವಿಲ್ಲದವನ ಸಾಕ್ಷಿ ಒದಗಿಸಿದ್ದು ಈ ರಿವ್ಯೂಗಳೇ. ‘ಬಾಗಿಲಿಗೆ ಒಳಗಿನಿಂದ ಚಿಲಕ ಸರಿಯಾಗಿ ಬೀಳುತ್ತದೆ, ರಿಸೆಪ್ಶನ್‌ನಲ್ಲಿ ರಾತ್ರಿಯೂ ಹೆಂಗಸೊಬ್ಬರಿದ್ದರು, ಒಬ್ಬಳೇ ಬಂದೆನೆಂದು ಯಾರೂ ಅಡ್ಡಪ್ರಶ್ನೆ ಕೇಳಲಿಲ್ಲ’ ಎಂದು ಚೆನ್ನೈಯಿಂದ ಹಂಪಿಗೆ ಹೋಗಿ ಬಂದ ಒಬ್ಬಾಕೆ ಬರೆದರೆ ಅದಕ್ಕೆ ಸ್ಟಾರಿನ ಹಂಗೇ ಬೇಡ. ಆ ಮೂರು ಸಾಲು ಹತ್ತು ಸಾವಿರ ರೇಟಿಂಗಿಗಿಂತ ತೂಕದ್ದು.

ಜಗಳ ಇರುವುದು ಅಂಕದ ಜೊತೆ. ಸಾಲುಗಳ ಜೊತೆ ಅಲ್ಲ. ಅಂಕ ಎಲ್ಲರ ಪ್ರಶ್ನೆಗಳನ್ನೂ ಕಲಸಿ ಒಂದು ಮುದ್ದೆ ಮಾಡುತ್ತದೆ: ತಿಂಡಿಗೆ ನಿಂತವನ ಪ್ರಶ್ನೆ, ಹನಿಮೂನಿಗೆ ಬಂದವರ ಪ್ರಶ್ನೆ, ಮಂಡಿ ನೋವಿನ ಅಜ್ಜಿಯ ಪ್ರಶ್ನೆ, ಡಿಸೆಂಬರಿನ ಪ್ರಶ್ನೆ, ಜುಲೈನ ಪ್ರಶ್ನೆ. ಸಾಲುಗಳಲ್ಲಿ ಅವು ಬೇರೆಬೇರೆಯಾಗಿಯೇ ಇರುತ್ತವೆ, ಹುಡುಕುವ ತಾಳ್ಮೆ ಬೇಕು. ರಿವ್ಯೂಗಳೊಳಗೆ ಪದ ಹಾಕಿ ಹುಡುಕುವ ಸೌಲಭ್ಯ ಗೂಗಲ್ ನಕ್ಷೆಯಲ್ಲಿದೆ. ಅಲ್ಲಿ ಲಿಫ್ಟ್ ಎಂದೋ ಮೆಟ್ಟಿಲು ಎಂದೋ ಹೊಡೆದಿದ್ದರೆ ಆ ಒಬ್ಬರ ಎಚ್ಚರಿಕೆ ಪುಣೆಯಲ್ಲೇ ಸಿಗುತ್ತಿತ್ತು. ಐದು ಮತ್ತು ಒಂದು ಸ್ಟಾರಿನವರಿಗಿಂತ ಮೂರು, ನಾಲ್ಕು ಕೊಟ್ಟವರು ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಅವರಿಗೆ ಋಣವೂ ಇಲ್ಲ, ಹಗೆಯೂ ಇಲ್ಲ, ಹಾಗಾಗಿ ಗೀಸರ್ ಎಷ್ಟು ಹೊತ್ತಿಗೆ ಕಾಯುತ್ತದೆ ಎಂಬಂಥ ಒಣ ಸಂಗತಿ ಬರೆದಿರುತ್ತಾರೆ. ಹೋಗುವುದು ಆಗಸ್ಟಿನಲ್ಲಾದರೆ ಹಿಂದಿನ ಆಗಸ್ಟಿನವರ ಮಾತು ಓದಬೇಕು. ಮಾಲೀಕ ಹಾಕಿದ ಫೋಟೋ ಬಿಟ್ಟು ಉಳಿದವರು ಹಾಕಿದ ವಕ್ರ ಫೋಟೋಗಳನ್ನು ನೋಡಬೇಕು, ಅದರಲ್ಲೂ ಬಚ್ಚಲಿನದು. ದೂರಿಗೆ ಮಾಲೀಕ ಕೊಟ್ಟ ಉತ್ತರವೂ ಬಹಳ ಹೇಳುತ್ತದೆ. ‘ಹೌದು, ಆ ವಾರ ಮೋಟಾರ್ ಸುಟ್ಟಿತ್ತು’ ಎಂದು ಒಪ್ಪಿಕೊಂಡವನ ಲಾಡ್ಜಿಗೆ ಹೋಗಬಹುದು. ಎಲ್ಲರಿಗೂ ಅದೇ ಧನ್ಯವಾದ ಅಂಟಿಸುವವನದು ಏನೂ ಹೇಳುವುದಿಲ್ಲ. ಗಿರಾಕಿಯ ಮೇಲೇ ಹರಿಹಾಯುವವನ ಕಡೆ ಕಾಲಿಡದಿರುವುದು ಲೇಸು.

ಇಷ್ಟಾದ ಮೇಲೂ ಫೋನ್ ಮಾಡಬೇಕು. ಕರ್ನಾಟಕದೊಳಗೆ ಹೋಗುವಾಗ ಹೊರನಾಡ ಕನ್ನಡಿಗರಿಗೆ ಇರುವ ದೊಡ್ಡ ಅನುಕೂಲ ಇದು, ಅದನ್ನೇ ಅವರು ಮರೆತಿದ್ದಾರೆ. ಮುಂಬಯಿ, ಹೈದರಾಬಾದಿನಲ್ಲಿ ದಿನವಿಡೀ ಇನ್ನೊಂದು ಭಾಷೆಯಲ್ಲಿ ವ್ಯವಹರಿಸುವವರಿಗೆ ಕೌಂಟರಿನಲ್ಲಿ ಕೂತವರ ಜೊತೆ ಅವರದೇ ಭಾಷೆಯಲ್ಲಿ ಎರಡು ನಿಮಿಷ ಮಾತಾಡುವ ಅವಕಾಶ ಇರುವುದು ಊರಿನ ಕಡೆ ಮಾತ್ರ. ‘ಅಣ್ಣಾ, ಅಮ್ಮನಿಗೆ ಮೆಟ್ಟಿಲು ಹತ್ತೋಕಾಗಲ್ಲ, ಕೆಳಗೆ ರೂಮಿದೆಯಾ? ಕಮೋಡ್ ಇದೆಯಾ?’ ಎಂದು ಕೇಳಿದರೆ ಎದುರಿನವರು ಹೇಳುವ ಉತ್ತರದಷ್ಟೇ ಅವರು ತಡೆಯುವ ರೀತಿಯೂ ಕಿವಿಗೆ ಬೀಳುತ್ತದೆ. ‘ಇದೆ ಬನ್ನಿ’ ಎಂಬುದಕ್ಕೂ ‘ಬನ್ನಿ, ನೋಡುವಾ’ ಎಂಬುದಕ್ಕೂ ಎಷ್ಟು ಅಂತರವಿದೆಯೆಂದು ಕನ್ನಡದ ಕಿವಿಗೆ ಹೇಳಿಕೊಡಬೇಕಾಗಿಲ್ಲ.

ಬರೆಯುವ ಸರದಿ ಬಂದಾಗ ಇದೇ ಜನ ಏನು ಬರೆಯುತ್ತಾರೆ ಎಂದು ನೋಡಿದರೆ ಮಾತ್ರ ಬೇಸರವಾಗುತ್ತದೆ. ಊರ ಹೋಟೆಲುಗಳ ಕೆಳಗೆ ಕನ್ನಡದ ಹೆಸರುಗಳಿಂದ ಬಿದ್ದಿರುವುದು ನೈಸ್ ಪ್ಲೇಸ್, ಗುಡ್ ಫುಡ್, ಮಸ್ಟ್ ವಿಸಿಟ್. ಮನೆಗೆ ಬಂದು ಅತ್ತಿಗೆಯ ಹತ್ತಿರ ‘ಬಚ್ಚಲಲ್ಲಿ ನೀರು ನಿಲ್ಲುತ್ತೆ, ಮಗು ಜಾರೀತು, ಜೋಕೆ, ಆದ್ರೆ ಊಟ ಮನೆ ಊಟದ ಹಾಗೇ’ ಎಂದು ಕರಾರುವಾಕ್ಕಾಗಿ ಹೇಳಬಲ್ಲವರು ಫೋನು ಕೈಗೆ ಬಂದ ಕೂಡಲೇ ಮೂರು ಇಂಗ್ಲಿಷ್ ಪದಗಳಿಗೆ ಕುಗ್ಗಿಬಿಡುತ್ತಾರೆ. ಅತ್ತಿಗೆಗೆ ಹೇಳಿದ ಆ ಒಂದು ವಾಕ್ಯವನ್ನೇ ಕನ್ನಡದಲ್ಲಿ ಹಾಗೇ ಬರೆದಿದ್ದರೆ ಸಾಕಿತ್ತು.

ಶೃಂಗೇರಿಯ ದಾರಿಯ ಆ ಲಾಡ್ಜಿನಿಂದ ಪುಣೆಯ ಕುಟುಂಬ ಎರಡನೇ ದಿನ ಹೊರಟಿತು. ಅಜ್ಜಿಯನ್ನು ಕೆಳಗಿಳಿಸುವಾಗಲೂ ಅದೇ ಹುಡುಗ ಕೈ ಕೊಟ್ಟ. ಬಿಲ್ ಕೊಟ್ಟು ತಿರುಗಿದರೆ ಕೌಂಟರಿನ ಮೇಲೆ ಕ್ಯೂಆರ್ ಹಲಗೆ, ಅದರ ಪಕ್ಕದಲ್ಲಿ ಹುಡುಗ. ಮಗ ಫೋನ್ ತೆಗೆದ, ಐದು ಸ್ಟಾರ್ ಒತ್ತಿದ, ಹುಡುಗನ ಹೆಸರು ಕೇಳಿ ಬರೆದ. ಮೆಟ್ಟಿಲಿನ ಬಗ್ಗೆ ಬರೆಯೋಣವೆಂದು ಬೆರಳು ಇಟ್ಟವನು ಹುಡುಗ ಪರದೆಯ ಕಡೆಗೇ ನೋಡುತ್ತಿರುವುದನ್ನು ಕಂಡು ಅಷ್ಟಕ್ಕೇ ಕಳಿಸಿಬಿಟ್ಟ.